ಸಂಚಿ ಹಿಡಿದವಳ ಕಿವಿ

ದೇವರಾಯನದುರ್ಗಕ್ಕೆ ಆ ಹೆಸರು ಬಂದದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಬೆಟ್ಟದ ಕೋಟೆ ಅವನ ಕೈಸೇರಿತು. ಕರಿಗಿರಿ ಎಂಬ ಹಳೆಯ ಹೆಸರು ಕ್ಷೇತ್ರಪುರಾಣದಲ್ಲಿ ಉಳಿಯಿತು, ಜನರ ಬಾಯಲ್ಲಿ ದುರ್ಗ ನಿಂತಿತು. ಬೆಟ್ಟಕ್ಕೆ ಹೆಸರು ಕೊಟ್ಟ ದೊರೆಯ ಹೆಸರಿನಲ್ಲಿ ಒಂದು ಹಾಡಿನ ಪುಸ್ತಕವೂ ಇದೆ, ಗೀತಗೋಪಾಲ. ಜಯದೇವನ ಗೀತಗೋವಿಂದದ ಜಾಡು ಹಿಡಿದು ಕನ್ನಡದಲ್ಲಿ ಕಟ್ಟಿದ ಹಾಡುಗಳು. ಅದನ್ನು ರಚಿಸಿದ್ದು ದೊರೆಯೋ, ಅವನ ಮಂತ್ರಿ ತಿರುಮಲಾರ್ಯನೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಅದೇ ಅರಮನೆಯ ಇನ್ನೊಬ್ಬರ ಕಡೆಗೆ ಹೋಗುತ್ತದೆ.

ಅವಳು ಹೊನ್ನಮ್ಮ. ಯಳಂದೂರಿನ ಕಡೆಯವಳು. ರಾಣಿ ದೇವಾಜಮ್ಮಣ್ಣಿಯ ತಾಂಬೂಲದ ಸಂಚಿ ಹಿಡಿಯುವುದು ಅವಳ ಕೆಲಸ. ಹಾಗಾಗಿಯೇ ಸಾಹಿತ್ಯ ಚರಿತ್ರೆಯಲ್ಲಿ ಅವಳು ಸಂಚಿ ಹೊನ್ನಮ್ಮ. ಸಂಚಿ ಹಿಡಿದವರು ದೂರ ಹೋಗುವಂತಿಲ್ಲ, ಕರೆದ ಕೂಡಲೇ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತಿರಬೇಕು. ಆ ಅರಮನೆಯಲ್ಲಿ ಹಾಡು, ಕಾವ್ಯ, ವ್ಯಾಖ್ಯಾನ ದಿನನಿತ್ಯದ ವ್ಯವಹಾರವಾಗಿದ್ದವು. ತಿರುಮಲಾರ್ಯನ ತಮ್ಮ ಸಿಂಗರಾರ್ಯ ಅಲ್ಲಿ ಮಿತ್ರವಿಂದಾಗೋವಿಂದ ಬರೆದ, ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಅದು. ಹೊನ್ನಮ್ಮ ತನ್ನ ಗುರುವೆಂದು ಹೇಳಿಕೊಳ್ಳುವ ಅಳಸಿಂಗರಾರ್ಯ ಈತನೇ. ಕೊನೆಗೆ ಅವಳು ಕಟ್ಟಿದ ಹದಿಬದೆಯ ಧರ್ಮ ಸಾಂಗತ್ಯದಲ್ಲಿದೆ. ಸಾಂಗತ್ಯವೆಂದರೆ ಹಾಡಲೆಂದೇ ಇರುವ ಛಂದಸ್ಸು, ವಾದ್ಯದ ಜೊತೆ ಹೇಳುವ ಪದ್ಯ. ಗುರು ಕಲಿಸಿದ್ದು ಒಂದು ಪಾಲಾದರೆ, ಸಂಚಿ ಹಿಡಿದು ನಿಂತಾಗ ಕಿವಿಗೆ ಬಿದ್ದದ್ದು ಇನ್ನೊಂದು ಪಾಲು ಎಂದು ನಾನು ನಂಬುತ್ತೇನೆ. ದಾಖಲೆಯಿಂದ ಅಲ್ಲ, ಅವಳ ಪದ್ಯದ ಸರಾಗವನ್ನು ಕೇಳಿ ಹೇಳುವ ಮಾತು ಇದು.

ಈಗ ಭಾನುವಾರ ದುರ್ಗ ಹತ್ತಿದರೆ ಹೆಗಲಿಗೆ ಗಿಟಾರ್ ಹಾಕಿಕೊಂಡ ಹುಡುಗ ಹುಡುಗಿಯರು ಕಾಣುತ್ತಾರೆ. ಭೋಗನರಸಿಂಹನ ಗುಡಿಯಿಂದ ಯೋಗನರಸಿಂಹನ ಗುಡಿಗೆ ಏರುವ ದಾರಿಯಲ್ಲಿ ಎಲ್ಲೋ ಒಂದು ಬಂಡೆ ಹಿಡಿದು ಕೂರುತ್ತಾರೆ. ದನಿ ಚೆನ್ನಾಗಿರುತ್ತದೆ, ಶ್ರುತಿ ಬಿಡುವುದಿಲ್ಲ, ಫೋನ್ ನೋಡಿಕೊಂಡು ಸಿನಿಮಾ ಹಾಡನ್ನು ಮೂಲದ ಉಸಿರಿನ ಸಮೇತ ಹಾಡುತ್ತಾರೆ. ಅವರಲ್ಲಿ ಕೆಲವರಿಗಾದರೂ ತಮ್ಮದೇ ಹಾಡು ಕಟ್ಟುವ ಆಸೆ ಇದೆ. ಆ ಆಸೆಯನ್ನು ನಾವು ಹೇಗೆ ಬೆಳೆಸುತ್ತಿದ್ದೇವೆ ಎಂಬುದು ನನ್ನ ಪ್ರಶ್ನೆ. ನನ್ನ ಉತ್ತರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಡುವುದನ್ನು ಕಲಿಸುವ ದಾರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಾಡು ಕಟ್ಟುವುದನ್ನು ಕಲಿಯುವ ಜಾಗಗಳು ಈ ತುಮಕೂರು ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಧಾರಾಳವಾಗಿದ್ದವು, ಈಗ ತೆಳುವಾಗಿವೆ. ಹಾಡು ಕಟ್ಟುವವರು ಪಾಠದಿಂದ ಮಾತ್ರ ಬೆಳೆಯುವುದಿಲ್ಲ. ಹಾಡು ಇನ್ನೂ ಮುಗಿಯದೆ ಒದ್ದಾಡುತ್ತಿರುವ ಜಾಗದ ಪಕ್ಕದಲ್ಲಿ, ಸಂಚಿ ಹಿಡಿದ ಹುಡುಗಿಯ ಹಾಗೆ, ನಿಂತು ಬೆಳೆಯುತ್ತಾರೆ.

ತಾನೇ ಬರೆದು ತಾನೇ ರಾಗ ಹಾಕಿ ಹಾಡುವವರಿಗೆ ನಮ್ಮಲ್ಲಿ ವಾಗ್ಗೇಯಕಾರ ಎಂಬ ಹೆಸರಿದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಇವರಿಗೆ ಲಕ್ಷಣ ಹೇಳಿದ್ದಾನೆ. ಹಾಡಿನ ನುಡಿಯ ಭಾಗಕ್ಕೆ ಅಲ್ಲಿ ಮಾತು ಎಂದೂ ರಾಗದ ಭಾಗಕ್ಕೆ ಧಾತು ಎಂದೂ ಹೆಸರು. ಸಂಸ್ಕೃತ ಗ್ರಂಥದ ನಡುವೆ ನಮ್ಮ ಮಾತು ಎಂಬ ಪದವೇ ಬಂದು ಕೂತಂತೆ ಅದು ನನ್ನ ಕಿವಿಗೆ ಕೇಳುತ್ತದೆ. ಎರಡನ್ನೂ ತಾನೇ ಮಾಡಬಲ್ಲವನು ಉತ್ತಮ. ಇದರಲ್ಲಿ ಒಂದು ಸೂಕ್ಷ್ಮವಿದೆ. ಮಾತು ಮೊದಲು ಬಂದು ಧಾತು ಆಮೇಲೆ ಕೂಡುವುದೂ ಉಂಟು, ಧಾಟಿಯೊಂದು ತಲೆಯಲ್ಲಿ ಗುನುಗುತ್ತ ಮಾತನ್ನು ಕರೆಯುವುದೂ ಉಂಟು. ಎರಡೂ ಒಂದೇ ತಲೆಯಲ್ಲಿ ನಡೆಯುವಾಗ ಒಂದು ಇನ್ನೊಂದಕ್ಕೆ ಸೋಲುತ್ತದೆ, ತಿದ್ದುತ್ತದೆ. ಈ ಸೋಲುವುದು, ತಿದ್ದುವುದು ಅಭ್ಯಾಸವಾಗಬೇಕಾದರೆ ಮಗು ಅದನ್ನು ಕಣ್ಣಾರೆ ಕಂಡಿರಬೇಕು.

ಇಂದು ತುಮಕೂರಿನಲ್ಲಿ ಹಾಡುವ ಮಗುವೊಂದರ ದಾರಿ ಬಹುಮಟ್ಟಿಗೆ ಹೀಗಿರುತ್ತದೆ: ಆರೇಳು ವಯಸ್ಸಿಗೆ ಸಂಗೀತದ ಮೇಷ್ಟ್ರ ಮನೆ, ಸರಳೆ, ಜಂಟೆ, ಅಲಂಕಾರ, ಗೀತೆ; ನಂತರ ಜೂನಿಯರ್ ಪರೀಕ್ಷೆ, ಬಿಡದಿದ್ದರೆ ಸೀನಿಯರ್; ಶಾಲೆಯಲ್ಲಿ ಪ್ರತಿಭಾ ಕಾರಂಜಿಯ ಭಾವಗೀತೆ; ಅದೃಷ್ಟವಿದ್ದರೆ ಟಿವಿಯ ಹಾಡಿನ ಸ್ಪರ್ಧೆ. ಇದರಲ್ಲಿ ಯಾವುದನ್ನೂ ನಾನು ಕೀಳೆನ್ನುವುದಿಲ್ಲ. ಮಾಯಾಮಾಳವಗೌಳದ ಮೊದಲ ಪಾಠಗಳನ್ನು ಜೋಡಿಸಿಕೊಟ್ಟವರು ಪುರಂದರದಾಸರೆಂದು ಪರಂಪರೆ ನಂಬಿದೆ. ಐದು ಶತಮಾನ ಕಳೆದರೂ ಮಕ್ಕಳ ಗಂಟಲಿಗೆ ಅದಕ್ಕಿಂತ ಒಳ್ಳೆಯ ಮೆಟ್ಟಿಲು ಯಾರೂ ಕಟ್ಟಲಿಲ್ಲ. ಆದರೆ ಆ ಮೆಟ್ಟಿಲು ಕಟ್ಟಿದ ಮನುಷ್ಯ ಊರೂರು ತಿರುಗಿ ಕಂಡದ್ದನ್ನೆಲ್ಲ ಪದ ಮಾಡಿದವರು. ಸಂತೆ, ಅಡಿಗೆ, ಮಕ್ಕಳಾಟ, ಜಗಳ ಎಲ್ಲವೂ ಅವರ ಹಾಡಿಗೆ ಬಂದವು. ಅವರ ಪಾಠದಿಂದ ನಾವು ಗಂಟಲನ್ನು ತೆಗೆದುಕೊಂಡೆವು, ಕಟ್ಟುವ ಚಪಲವನ್ನು ಬಿಟ್ಟೆವು. ಮೇಲಿನ ಹಂತದಲ್ಲಿ ಕಲ್ಪನಾಸ್ವರ, ನೆರವಲ್ ಎಂದು ಮನೋಧರ್ಮಕ್ಕೆ ಜಾಗವಿದೆ ನಿಜ. ಆದರೆ ಅಲ್ಲಿ ಹುಟ್ಟುವುದು ಧಾತು ಮಾತ್ರ. ಮಾತು ಇನ್ನೊಬ್ಬರದು, ಅದನ್ನು ಮುಟ್ಟುವಂತಿಲ್ಲ.

ಗುಬ್ಬಿಗೆ ಬರುತ್ತೇನೆ. ದುರ್ಗದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ಸೀಮೆಯ ಕಡಬದ ಕೆರೆ ತುಂಬಿಸಿ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿಗೆ ಇಳಿಯುತ್ತದೆ. ಆ ನೀರಿನ ದಾರಿಯ ಪಕ್ಕದ ಈ ಪುಟ್ಟ ಊರಲ್ಲಿ 1884ರಲ್ಲಿ ಶ್ರೀ ಚೆನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಗುಬ್ಬಿ ವೀರಣ್ಣನವರು ಹುಡುಗನಾಗಿದ್ದಾಗಲೇ ಅದನ್ನು ಸೇರಿದರು, ಮುಂದೆ ಅದರ ಒಡೆಯರಾದರು, ಕನ್ನಡ ನಾಡಿಗೆಲ್ಲ ಅದು ಗುಬ್ಬಿ ಕಂಪನಿ ಎಂದೇ ಗೊತ್ತಾಯಿತು. ಕಂಪನಿಯ ವೈಭವದ ಬಗ್ಗೆ, ರಂಗದ ಮೇಲೆ ಬಂದ ಆನೆ ಕುದುರೆಗಳ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ನನಗೆ ಬೇಕಾದದ್ದು ಬೆಳಗಿನ ತಾಲೀಮು. ಅಲ್ಲಿ ಹಾಡು ಹೇಗೆ ತಯಾರಾಗುತ್ತಿತ್ತು ಎಂಬುದು.

ಕಂಪನಿ ನಾಟಕದಲ್ಲಿ ಹಾಡು ಅಲಂಕಾರವಲ್ಲ, ಸಂಜೆಯೊಳಗೆ ಬೇಕಾದ ವಸ್ತು. ನಟನ ಶ್ರುತಿ ಬೇರೆ, ಅವನಿಗೆ ಏರಲು ಆಗುವ ಎತ್ತರ ಬೇರೆ. ಪರದೆ ಬದಲಾಗುವಷ್ಟು ಹೊತ್ತು ತುಂಬಬೇಕು, ಜನ ‘ಒನ್ಸ್ ಮೋರ್’ ಎಂದರೆ ಮತ್ತೆ ಹೇಳಲು ಉಸಿರು ಉಳಿದಿರಬೇಕು. ಲೆಗ್ ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಒಂದು ಮಟ್ಟು ನುಡಿಸುತ್ತಾರೆ, ಕವಿಗಳು ಅದಕ್ಕೆ ನುಡಿ ಹೊಂದಿಸುತ್ತಾರೆ. ಹಳೆಯ ನಾಟಕದ ಪುಸ್ತಕಗಳನ್ನು ತೆರೆದರೆ ಹಾಡಿನ ತಲೆಯ ಮೇಲೆ ರಾಗ, ತಾಳದ ಜೊತೆಗೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುವುದು ಕಾಣುತ್ತದೆ. ತ್ಯಾಗರಾಜರ ಕೃತಿಯ ಮಟ್ಟು, ಮರಾಠಿ ನಾಟ್ಯಪದದ ಮಟ್ಟು, ಪಾರ್ಸಿ ಕಂಪನಿಯ ಹಿಂದೂಸ್ತಾನಿ ಚೀಜಿನ ಮಟ್ಟು. ಎಲ್ಲಿಂದ ತಂದೆವು ಎಂಬುದನ್ನು ಮುಚ್ಚಿಡುವ ಪದ್ಧತಿಯೇ ಇರಲಿಲ್ಲ. ತಂದ ಮಟ್ಟು ಕನ್ನಡದ ಹ್ರಸ್ವ ದೀರ್ಘಗಳಿಗೆ ಬಗ್ಗದಿದ್ದರೆ ಮಟ್ಟನ್ನೇ ಬಗ್ಗಿಸುತ್ತಿದ್ದರು, ಇಲ್ಲವೇ ಪದ ಬದಲಿಸುತ್ತಿದ್ದರು. ಇದೆಲ್ಲ ಮುಚ್ಚಿದ ಕೋಣೆಯಲ್ಲಿ ನಡೆದದ್ದಲ್ಲ. ಬಾಲಪಾತ್ರದ ಹುಡುಗರು, ದೀಪದ ಹುಡುಗರು, ಪರದೆ ಎಳೆಯುವವರು, ಅಡಿಗೆಯವರು ಎಲ್ಲರ ಕಿವಿಯ ಮೇಲೆ ನಡೆದದ್ದು.

ಆ ಕಂಪನಿಗೆ ನಾಟಕಗಳನ್ನೂ ಹಾಡುಗಳನ್ನೂ ಬರೆದವರಲ್ಲಿ ದೊಡ್ಡ ಹೆಸರು ಬೆಳ್ಳಾವೆ ನರಹರಿಶಾಸ್ತ್ರಿಗಳದು. ಬೆಳ್ಳಾವಿ ತುಮಕೂರಿನ ಮಗ್ಗುಲಿನ ಊರು. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ಟಾಕಿ ಸತಿ ಸುಲೋಚನಕ್ಕೆ ಸಾಹಿತ್ಯ ಕೊಟ್ಟವರು ಅವರೇ. ಎಂದರೆ ಕನ್ನಡ ಸಿನಿಮಾದ ಮೊದಲ ಗೀತರಚನಕಾರರು ನಮ್ಮ ಜಿಲ್ಲೆಯವರು, ನಾಟಕದ ಮಟ್ಟುಗಳ ಜೊತೆ ಗುದ್ದಾಡಿ ಪಳಗಿದವರು. ಇಂದು ದುರ್ಗದ ಬಂಡೆಯ ಮೇಲೆ ಕೂತು ಸಿನಿಮಾ ಹಾಡು ಹಾಡುವ ಹುಡುಗನಿಗೆ ಈ ಹೆಸರು ಗೊತ್ತಿಲ್ಲ. ಅವನಿಗೆ ಯಾರೂ ಹೇಳಿಲ್ಲ. ತಾನು ಹಾಡುತ್ತಿರುವ ಇಡೀ ಪರಂಪರೆಯ ಒಂದು ಬೇರು ಬೈಕಿನಲ್ಲಿ ಅರ್ಧ ಗಂಟೆಯ ದೂರದಲ್ಲಿದೆ ಎಂದು ತಿಳಿದರೆ ಅವನು ಬೇರೆ ರೀತಿ ಕೂರುತ್ತಾನೆ, ಬೇರೆ ರೀತಿ ಹಾಡುತ್ತಾನೆ ಎಂದು ನನ್ನ ನಂಬಿಕೆ.

ಕಂಪನಿಯಲ್ಲಿ ಕಿವಿ ಪಡೆದವರಲ್ಲಿ ನಾನು ಹೆಚ್ಚು ಯೋಚಿಸುವುದು ಬಿ.ವಿ. ಕಾರಂತರ ಬಗ್ಗೆ. 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿ ಬಳಿಯ ಬಾಬುಕೋಡಿಯಲ್ಲಿ ಹುಟ್ಟಿದ ಹುಡುಗ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದು ಅವರ ರಂಗದ ಮೊದಲ ಹೆಜ್ಜೆ. ಸುತ್ತ ಯಕ್ಷಗಾನದ ಚೆಂಡೆ ಮದ್ದಳೆ. ಸಣ್ಣ ವಯಸ್ಸಿನಲ್ಲೇ ಮನೆ ಬಿಟ್ಟು ಓಡಿದರು, ಗುಬ್ಬಿ ಕಂಪನಿ ಸೇರಿದರು. ಅದೇ 1929ರಲ್ಲಿ ಹುಟ್ಟಿದ ಗಾಜನೂರಿನ ಮುತ್ತುರಾಜನೂ ಕಂಪನಿಯ ನೆರಳಿನಲ್ಲೇ ಬೆಳೆದವನು, ಅವನ ತಂದೆ ಪುಟ್ಟಸ್ವಾಮಯ್ಯನವರು ಅಲ್ಲಿನ ನಟರು. ಒಂದೇ ವಯಸ್ಸು, ಒಂದೇ ಬಿಡಾರ, ಒಂದೇ ಹಾರ್ಮೋನಿಯಂ. ಒಬ್ಬರು ರಾಜ್‌ಕುಮಾರ್ ಆದರು, ಕನ್ನಡದ ದನಿಯೇ ಆದರು. ‘ಜೀವನಚೈತ್ರ’ದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಇನ್ನೊಬ್ಬರು ಹಾಡು ಹುಟ್ಟಿಸುವವರಾದರು. ಜಾಗವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ನಾನು ಹೇಳಿದರೆ ಈ ಜೋಡಿಯೇ ನನ್ನ ಬಾಯಿ ಮುಚ್ಚಿಸುತ್ತದೆ. ಜಾಗ ಅವಕಾಶ ಕೊಡುತ್ತದೆ, ಅಲ್ಲಿಂದ ಏನನ್ನು ಹೊತ್ತುಕೊಳ್ಳಬೇಕು ಎಂಬುದು ಆ ಮಗುವಿನ ಒಳಗಿನ ಮಾತು.

ಕಾರಂತರನ್ನು ಮುಂದೆ ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ., ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಈ ಕ್ರಮವನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲು ಕೇಳುವಿಕೆ, ಓಡಾಟ, ರಾತ್ರಿಯಿಡೀ ರಂಗದ ಪಕ್ಕದಲ್ಲಿ ನಿಲ್ಲುವುದು; ಶಾಸ್ತ್ರ ಆಮೇಲೆ ಬಂತು, ತಳದಲ್ಲಿ ಆಗಲೇ ತುಂಬಿದ್ದ ಮಣ್ಣಿನ ಮೇಲೆ ಬಂತು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಅವರು ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿಗಳನ್ನು ಆಡಿಸಿದಾಗ ಕನ್ನಡ ರಂಗಭೂಮಿಯ ಕಿವಿಯೇ ಬದಲಾಯಿತು. 1976ರ ‘ಋಷ್ಯಶೃಂಗ’ಕ್ಕೂ 1977ರ ‘ಘಟಶ್ರಾದ್ಧ’ಕ್ಕೂ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಲ್ಲು, ಕಟ್ಟಿಗೆ, ತಗಡು, ಬಾಯಿಯ ಉಸಿರು ಯಾವುದನ್ನೂ ಅವರು ವಾದ್ಯವಲ್ಲ ಎಂದು ತಳ್ಳಲಿಲ್ಲ. ಅವರನ್ನು ಪದ ಬರೆದವರೆನ್ನುವುದಕ್ಕಿಂತ ಇನ್ನೊಬ್ಬರ ಪದದೊಳಗೆ ಅಡಗಿದ್ದ ದನಿಯನ್ನು ಹೊರತಂದವರೆನ್ನುವುದು ಸರಿ. ಶಾರ್ಙ್ಗದೇವನ ಅಳತೆಯಲ್ಲಿ ಅವರು ಪೂರ್ಣ ವಾಗ್ಗೇಯಕಾರರಲ್ಲದಿರಬಹುದು. ಆದರೆ ನಮ್ಮ ಪ್ರಶ್ನೆಗೆ, ಹಾಡು ಕಟ್ಟುವ ಕಿವಿ ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆಗೆ, ಅವರಷ್ಟು ಒಳ್ಳೆಯ ಸಾಕ್ಷಿ ನನಗೆ ಇನ್ನೊಬ್ಬರು ಸಿಕ್ಕಿಲ್ಲ.

ಇಲ್ಲೊಂದು ಆಕ್ಷೇಪವಿದೆ. ಅದನ್ನು ನಾನೇ ಎತ್ತಬೇಕು, ಏಕೆಂದರೆ ಅದು ಸತ್ಯ. ಕಂಪನಿ ನಾಟಕಗಳ ಕಾಲದ ಮಕ್ಕಳ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ಶಾಲೆ ಬಿಟ್ಟವರು, ಮನೆ ಬಿಟ್ಟವರು, ರಾತ್ರಿ ನಿದ್ದೆ ಕಂಡರಿಯದವರು. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಲು ಎಷ್ಟೋ ವರ್ಷ ಬೇಕಾಯಿತು, ತೆರೆದ ಮೇಲೂ ಹೊರಗಿನ ಸಮಾಜ ಅವರನ್ನು ಗೌರವದಿಂದ ನೋಡಲಿಲ್ಲ. ಹಾಡಿನ ಹೆಸರಿನಲ್ಲಿ ಆ ಬಾಲ್ಯವನ್ನು ಮರಳಿ ತನ್ನಿ ಎನ್ನುವವರು ಇದ್ದರೆ ನಾನು ಅವರ ಎದುರು ನಿಲ್ಲುತ್ತೇನೆ. ಮಕ್ಕಳು ಶಾಲೆಯಲ್ಲಿರಬೇಕು. ಆದರೆ ಕಷ್ಟದ ಜೊತೆಗೆ ಅಲ್ಲಿ ಇನ್ನೊಂದಿತ್ತು, ಅದನ್ನು ಬೇರ್ಪಡಿಸಿ ತೆಗೆಯಲು ಸಾಧ್ಯ. ಅರ್ಧ ಆಗಿರುವ ಹಾಡನ್ನು ಹಿರಿಯರು ಮಕ್ಕಳ ಎದುರು ಕೆಡಿಸಿ ಕಟ್ಟುತ್ತಿದ್ದರು. ನಾವು ಕಳೆದುಕೊಂಡದ್ದು ಇಷ್ಟೇ. ಹಸಿವಿಲ್ಲದೆ, ಹೊಡೆತವಿಲ್ಲದೆ ಇದನ್ನು ಮತ್ತೆ ಕೊಡಬಹುದು.

ಇನ್ನೊಂದು ಆಕ್ಷೇಪ ಎಳೆಯರ ಕಡೆಯಿಂದ ಬರುತ್ತದೆ: ಇನ್ನೊಬ್ಬರ ಮಟ್ಟು ತೆಗೆದುಕೊಂಡರೆ ಅದು ಸ್ವಂತ ಹಾಡು ಹೇಗಾಗುತ್ತದೆ? ಈ ಸಂಕೋಚ ಅನೇಕರ ಕೈ ಕಟ್ಟಿಹಾಕಿದೆ. ಮೊದಲ ಹಾಡೇ ಪೂರ್ತಿ ತಮ್ಮದಾಗಿರಬೇಕು, ಇಲ್ಲದಿದ್ದರೆ ಕಟ್ಟುವುದೇ ಬೇಡ ಎಂದು ಕೂತುಬಿಡುತ್ತಾರೆ. ಅವರಿಗೆ ನಾನು ಬಾಬ್ ಡಿಲನ್ ಮಾತು ಹೇಳುತ್ತೇನೆ. ಹಾಡು ಬರೆದದ್ದಕ್ಕೆ 2016ರಲ್ಲಿ ನೊಬೆಲ್ ಪಡೆದವರು. 1962ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ ಹದಿಮೂರು ಹಾಡುಗಳಿದ್ದವು, ಅವರೇ ಬರೆದವು ಎರಡೇ. ಅದರಲ್ಲೊಂದು ತನ್ನ ಗುರುಸಮಾನ ವುಡಿ ಗಥ್ರಿಗೆ ಅರ್ಪಿಸಿದ್ದು, ಅದರ ಧಾಟಿಯೂ ಗಥ್ರಿಯದೇ. ಮರುವರ್ಷದ ಆಲ್ಬಮ್‌ನಲ್ಲಿ ಹದಿಮೂರರಲ್ಲಿ ಹನ್ನೊಂದು ಅವರವು, ಆದರೂ ಅವರನ್ನು ಜಗತ್ತಿಗೆ ಪರಿಚಯಿಸಿದ ಹಾಡಿನ ಧಾಟಿಯ ಬೇರು ಗುಲಾಮಗಿರಿಯ ಕಾಲದ ಕರಿಯರ ಹಾಡೊಂದರಲ್ಲಿದೆ. ನಮ್ಮಲ್ಲೇ ಕೈಲಾಸಂ ಇಲ್ಲವೇ? ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು, ಇಂಗ್ಲಿಷ್ ಸಿಪಾಯಿಗಳು ಹಾಡುತ್ತಿದ್ದ ಟಿಪ್ಪರರಿಯ ಮಟ್ಟಿಗೆ ತಿಪ್ಪಾರಳ್ಳಿಯನ್ನು ಕೂರಿಸಿದರು. ಅದು ಐರ್‌ಲೆಂಡಿನ ಊರೆಂದು ಈಗ ಯಾರಿಗೂ ಅನಿಸುವುದಿಲ್ಲ. ಮಟ್ಟು ಎರವಲು, ಮಾತು ಸ್ವಂತ. ಬೆಳೆಯುವ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ, ನಮ್ಮ ಹಳೆಯ ನಾಟಕದ ಪುಸ್ತಕಗಳು ಅದನ್ನೇ ಹಾಡಿನ ತಲೆಯ ಮೇಲೆ ಬರೆದಿಟ್ಟಿವೆ.

ಕರೋಕೆ ಟ್ರ್ಯಾಕ್ ಮಾಡುವುದು ಇದರ ತಿರುಗುಮುರುಗು. ಮಟ್ಟೂ ಎರವಲು, ಮಾತೂ ಎರವಲು, ಉಸಿರು ಎಲ್ಲಿ ತೆಗೆಯಬೇಕೆಂಬುದೂ ಎರವಲು. ಮೂಲ ಗಾಯಕರ ಹಾಗೆಯೇ ಹಾಡಿದಷ್ಟೂ ಅಂಕ ಹೆಚ್ಚು. ಹಾಡುಗಾರಿಕೆಗೆ ಅದು ಒಳ್ಳೆಯ ಗರಡಿ ಇರಬಹುದು. ಆದರೆ ಹತ್ತು ವರ್ಷ ಅದರಲ್ಲೇ ಬೆಳೆದ ಮಗುವಿಗೆ ಹಾಡು ಎಂದರೆ ಮೊದಲೇ ಮುಗಿದು ಪ್ಯಾಕ್ ಆಗಿ ಬರುವ ಸಾಮಾನು ಎಂದು ಮನಸ್ಸಿಗೆ ಕೂತುಬಿಡುತ್ತದೆ. ಆಮೇಲೆ ಅದನ್ನು ಬಿಚ್ಚುವ ಧೈರ್ಯ ಬರುವುದಿಲ್ಲ.

ಇದಕ್ಕೆ ದನಿ ಒಡೆಯುವ ವಯಸ್ಸಿನ ಸಂಕಟ ಸೇರುತ್ತದೆ, ನಾವು ಅದರ ಬಗ್ಗೆ ಮಾತೇ ಆಡುವುದಿಲ್ಲ. ಗಂಡುಮಕ್ಕಳಿಗೆ ಹನ್ನೆರಡರಿಂದ ಹದಿನೈದರ ಒಳಗೆ ಧ್ವನಿಪೆಟ್ಟಿಗೆ ಬೆಳೆದು ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ, ಅಷ್ಟು ಎದ್ದು ಕಾಣುವುದಿಲ್ಲ. ನಿನ್ನೆಯವರೆಗೆ ಬಹುಮಾನ ತಂದ ಗಂಟಲು ಇಂದು ಬಿರುಕು ಬಿಡುತ್ತದೆ. ಸಂಗೀತ ಬಿಟ್ಟುಬಿಡುವ ಹುಡುಗರು ಬಹಳ ಮಂದಿ ಬಿಡುವುದು ಆಗಲೇ. ನನ್ನ ಅನಿಸಿಕೆಯಲ್ಲಿ ಕಟ್ಟುವುದಕ್ಕೆ ಕೂರಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಗಂಟಲು ಕೈಕೊಟ್ಟಾಗ ಕಿವಿ ಇನ್ನೂ ಇರುತ್ತದೆ, ಕೈಯಲ್ಲಿ ಪೆನ್ನು ಇರುತ್ತದೆ, ಮನಸ್ಸಿನಲ್ಲಿ ಹೇಳಬೇಕಾದ ಮಾತು ಮೊದಲ ಸಲ ಉಕ್ಕಿಬರುತ್ತಿರುತ್ತದೆ. ಕಂಪನಿಯಲ್ಲಿ ಬಾಲಪಾತ್ರ ಕೈತಪ್ಪಿದ ಹುಡುಗನಿಗೆ ಇನ್ನೊಂದು ಕೆಲಸವಿತ್ತು. ತಬಲ ಹಿಡಿಯಬಹುದಿತ್ತು, ಸೂಚನೆ ಕೊಡಬಹುದಿತ್ತು, ಹಾಡು ಬರೆದುಕೊಳ್ಳಬಹುದಿತ್ತು. ಎಂಟನೆಯ ವಯಸ್ಸಿಗೆ ಗುಬ್ಬಿ ಕಂಪನಿ ಸೇರಿದ ಜಿ.ವಿ. ಅಯ್ಯರ್ ನಟನೆಯಿಂದ ಸಂಭಾಷಣೆಗೆ, ಗೀತರಚನೆಗೆ, ಕೊನೆಗೆ ನಿರ್ದೇಶನಕ್ಕೆ ನಡೆದುಬಂದರು. 1975ರಲ್ಲಿ ಅವರು ಮಾಡಿದ ‘ಹಂಸಗೀತೆ’ ಒಬ್ಬ ಸಂಗೀತಗಾರನ ಕತೆ, ಅದರ ಸಂಗೀತದಲ್ಲಿ ಬಾಲಮುರಳಿಕೃಷ್ಣರ ಜೊತೆ ಕಾರಂತರೂ ಇದ್ದರು. ಒಂದೇ ಅಂಗಳದ ಇಬ್ಬರು ಹುಡುಗರು ಬೆಳೆದು ಮತ್ತೆ ಕೂಡಿದ್ದು ಹೀಗೆ.

ಫೋನು ಎಲ್ಲವನ್ನೂ ಕೊಟ್ಟಿದೆಯಲ್ಲ ಎಂದು ಕೇಳುವವರಿಗೆ ನನ್ನ ಬಳಿ ಪೂರ್ತಿ ಇಲ್ಲ ಎನ್ನುವ ಉತ್ತರವಿಲ್ಲ. ಹಳ್ಳಿಯ ಕೋಣೆಯ ಕದ ಹಾಕಿಕೊಂಡು ಬೀಟ್ ಹಾಕಿ ಕನ್ನಡದಲ್ಲಿ ರ‍್ಯಾಪ್ ಬರೆಯುವ ಹುಡುಗರಿದ್ದಾರೆ. ಪ್ರಾಸ ಕೂಡಿಸುವುದರಲ್ಲಿ ಅವರ ಶ್ರಮ ನೋಡಿದರೆ ನನಗೆ ಸಂತೋಷವಾಗುತ್ತದೆ. ರಘು ದೀಕ್ಷಿತ್ ಅವರ ಉದಾಹರಣೆಯೂ ಇದೆ. ಮೈಸೂರಿನಲ್ಲಿ ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರ ಓದಿ, ಕಾಲೇಜಿನ ದಿನಗಳಲ್ಲಿ ಗಿಟಾರ್ ಹಿಡಿದರು, ಸಂಗೀತದ ಶಾಸ್ತ್ರೀಯ ಪಾಠ ಇಲ್ಲದೆಯೇ ತಮ್ಮ ದನಿ ಕಂಡುಕೊಂಡರು, ಶಿಶುನಾಳ ಶರೀಫರ ಪದಗಳನ್ನು ಹೊಸ ಪೀಳಿಗೆಯ ಬಾಯಿಗೆ ತಂದರು. ಆದರೆ ಅವರ ಮೈಯಲ್ಲಿ ವರ್ಷಗಟ್ಟಲೆ ನೃತ್ಯದ ತಾಳ ಕೂತಿತ್ತು ಎಂಬುದನ್ನು ಮರೆಯಬಾರದು. ಫೋನು ಮುಗಿದ ಹಾಡನ್ನು ಕೊಡುತ್ತದೆ, ಹಾಡು ಹೇಗೆ ಮಾಡಿದೆವು ಎಂಬ ವಿಡಿಯೊಗಳನ್ನೂ ಕೊಡುತ್ತದೆ. ಆದರೆ ಅದು ನೀನು ಕಟ್ಟಿದ ಸಾಲನ್ನು ಕೇಳಿ ‘ಇಲ್ಲಿ ಎಡವುತ್ತಿದ್ದೀಯ, ಈ ಪದ ಬಾಯಿಗೆ ಸಿಗುವುದಿಲ್ಲ’ ಎನ್ನುವುದಿಲ್ಲ. ಅದಕ್ಕೆ ಎದುರಿಗೊಬ್ಬರು ಕೂತಿರಬೇಕು.

ಎದುರಿಗೆ ಕೂರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ಆಡುವ ರೈತರಿದ್ದಾರೆ, ಅವರಿಗೆ ಹಾಡು ಹೇಳಿಕೊಡುವ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ. ದುರ್ಯೋಧನನ ಪಾತ್ರ ಹಿಡಿದವನ ಗಂಟಲು ನೋಡಿ ಮಟ್ಟನ್ನು ಕೆಳಗಿಳಿಸುವ, ಅವನಿಗೆ ದಕ್ಕದ ಸಂಗತಿಯನ್ನು ಬಿಡಿಸಿ ಸುಲಭ ಮಾಡುವ ಆ ಮೇಷ್ಟ್ರು ಮಾಡುತ್ತಿರುವುದು ರಚನೆಯ ಕೆಲಸವೇ. ಮೂಡಲಪಾಯದ ಭಾಗವತರು ಇದ್ದಾರೆ, ಮುಖವೀಣೆಯ ದನಿ ತಿಪಟೂರು ಸೀಮೆಯಲ್ಲಿ ಇನ್ನೂ ಪೂರ್ತಿ ಆರಿಲ್ಲ. ಜುಂಜಪ್ಪನ ಪದವನ್ನು ಗಣೆಯ ಜೊತೆ ಹೇಳುವ ಕಾಡುಗೊಲ್ಲರಿದ್ದಾರೆ. ಸೋಬಾನೆ ಹೇಳುವ ಅಜ್ಜಿಯರು ಮದುಮಗಳ ಹೆಸರು, ಅವಳ ಊರು, ಅವಳ ಅತ್ತೆ ಮನೆಯ ದಾರಿಯನ್ನು ನಿಂತ ನಿಲುವಿನಲ್ಲೇ ಪದಕ್ಕೆ ಸೇರಿಸುತ್ತಾರೆ. ಇವರನ್ನು ನಾವು ಜಾನಪದ ಉತ್ಸವದ ವೇದಿಕೆಗೆ ಕರೆದು ಶಾಲು ಹೊದಿಸಿ ಕಳಿಸುತ್ತೇವೆ. ಹದಿನೈದರ ಹುಡುಗಿಯೊಬ್ಬಳ ಪಕ್ಕದಲ್ಲಿ ಹತ್ತು ಸಂಜೆ ಕೂರಿಸುವುದಿಲ್ಲ.

ಶಾಲೆಯ ಬಗ್ಗೆ ಹೇಳದೆ ಮುಗಿಸಲಾರೆ, ಏಕೆಂದರೆ ಹಾಡು ಕಟ್ಟಲು ಬೇಕಾದ ಅತ್ಯುತ್ತಮ ಉಪಕರಣ ಪ್ರತಿ ಹೈಸ್ಕೂಲಿನ ಕನ್ನಡ ತರಗತಿಯಲ್ಲಿದೆ. ಅದು ಪ್ರಸ್ತಾರ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮೂರು ನಾಲ್ಕು, ಮೂರನೆಯ ಮತ್ತು ಆರನೆಯ ಪಾದದಲ್ಲಿ ಅದೇ ಒಂದೂವರೆ ಪಟ್ಟಾಗಿ ಕೊನೆಗೊಂದು ಗುರು. ಅಂಕಕ್ಕಾಗಿ ಮಕ್ಕಳು ಇದನ್ನು ಕಂಠಪಾಠ ಮಾಡುತ್ತಾರೆ, ಗೆರೆ ಹಾಕಿ ಗಣ ಬಿಡಿಸುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅದೇ ಮಗು ಸಂಜೆ ಸಂಗೀತದ ಮೇಷ್ಟ್ರ ಮನೆಯಲ್ಲಿ ಮಿಶ್ರಚಾಪು ಹಾಕುತ್ತದೆ, ತಕಿಟ ತಕಧಿಮಿ, ಮೂರು ನಾಲ್ಕು. ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ಕುಮಾರವ್ಯಾಸ ಇಡೀ ಭಾರತವನ್ನು ಆ ನಡೆಯಲ್ಲಿ ನಡೆಸಿದ, ಗಮಕಿಗಳು ಇಂದಿಗೂ ಅದನ್ನು ಹಾಡುತ್ತಾರೆ. ವಾರ್ಧಕದ ಐದೈದು ಮಾತ್ರೆ ಖಂಡನಡೆ. ಭೋಗಷಟ್ಪದಿಯ ಮೂರು ಮೂರು ತಿಶ್ರ. ಕನ್ನಡದ ಮೇಷ್ಟ್ರೂ ಸಂಗೀತದ ಮೇಷ್ಟ್ರೂ ವಾರಕ್ಕೊಂದು ಗಂಟೆ ಒಂದೇ ಕೋಣೆಯಲ್ಲಿ ನಿಂತರೆ ಮಗುವಿನ ತಲೆಯಲ್ಲಿ ಮಾತು ಮತ್ತು ಧಾತುಗಳ ನಡುವಿನ ಗೋಡೆ ಬೀಳುತ್ತದೆ. ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ.

ಕಾರಂತರು ಮಕ್ಕಳಿಗಾಗಿ ಕೊಟ್ಟ ‘ಪಂಜರ ಶಾಲೆ’ ರವೀಂದ್ರನಾಥ ಠಾಕೂರರ ಗಿಳಿಯ ಕತೆಯಿಂದ ಹುಟ್ಟಿದ ನಾಟಕ. ಹಾಡಿಕೊಂಡು ಹಾರಾಡುತ್ತಿದ್ದ ಗಿಳಿಗೆ ವಿದ್ಯೆ ಕಲಿಸಲು ಚಿನ್ನದ ಪಂಜರ ಮಾಡಿಸಿ, ಗ್ರಂಥದ ಹಾಳೆ ತುರುಕಿ ತುರುಕಿ ಕೊನೆಗೆ ಗಿಳಿಯನ್ನೇ ಕಳೆದುಕೊಳ್ಳುವ ಕತೆ. ಮನೆ ಬಿಟ್ಟು ಓಡಿಹೋದ ಹುಡುಗ ದೊಡ್ಡವನಾಗಿ ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರೂ ಆಗಿ, ಆ ಕತೆಯನ್ನು ಆರಿಸಿಕೊಂಡದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ನನ್ನ ಕೋರಿಕೆ ಸಣ್ಣದು. ಪ್ರತಿಭಾ ಕಾರಂಜಿಯಲ್ಲಿ ತಾನೇ ಕಟ್ಟಿದ ಹಾಡಿಗೆ ಒಂದು ವಿಭಾಗವಿರಲಿ, ಅಲ್ಲಿ ಮಟ್ಟು ಎರವಲಾದರೆ ಅಂಕ ಕಳೆಯದಿರಲಿ, ಯಾವ ಹಾಡಿನ ಮಟ್ಟೆಂದು ಮಗು ಹೆಮ್ಮೆಯಿಂದ ಹೇಳಲಿ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕದ ದಿನ ಟಿಕೆಟ್ಟಿಲ್ಲದೆ, ನಾಟಕಕ್ಕೆ ಮುಂಚಿನ ತಾಲೀಮಿಗೆ ಹತ್ತು ಮಕ್ಕಳನ್ನು ಬಿಡಲಿ. ಸಿದ್ಧಗಂಗೆಯ ಬಯಲಿನಲ್ಲಿ ಸಾವಿರಾರು ಮಕ್ಕಳು ದಿನವೂ ಒಟ್ಟಿಗೆ ಪ್ರಾರ್ಥನೆ ಹೇಳುತ್ತಾರೆ. ಅಷ್ಟು ದನಿಗಳ ನಡುವೆ ನಿಂತು ಶ್ರುತಿ ಸೇರಿಸಿದ ಕಿವಿಗಳಲ್ಲಿ ಕಟ್ಟುವ ಕಿವಿಗಳು ಎಷ್ಟಿವೆಯೋ, ಯಾರಾದರೂ ಕೇಳಿ ನೋಡಲಿ.

ಶುರು ಮಾಡಲು ನನಗೆ ಕುಣಿಗಲ್ ಕೆರೆಯ ಪದ ಸಾಕು. ಆ ಕೆರೆಯ ಸೊಬಗು ಹೇಳುವ ಜನಪದ ಹಾಡು ಕನ್ನಡ ಬಲ್ಲ ಬಹುತೇಕ ಎಲ್ಲ ಮಕ್ಕಳಿಗೂ ಗೊತ್ತು, ಕಟ್ಟಿದವರ ಹೆಸರು ಗೊತ್ತಿಲ್ಲ, ಹಾಗಾಗಿ ಯಾರ ಅಪ್ಪಣೆಯೂ ಬೇಕಿಲ್ಲ. ತುಮಕೂರಿನ ಮಗು ಅದೇ ಮಟ್ಟಿಗೆ ಅಮಾನಿಕೆರೆಯನ್ನು ಹಾಡಲಿ, ಗುಬ್ಬಿಯ ಮಗು ಕಡಬದ ಕೆರೆಯನ್ನು. ತುಂಬಿದ್ದರೆ ತುಂಬಿದೆ ಎಂದು, ಬತ್ತಿದ್ದರೆ ಬತ್ತಿದೆ ಎಂದು, ಏರಿಯ ಮೇಲೆ ಏನು ಕಂಡಿತೋ ಅದನ್ನು. ಉಳಿದವರು ಸುತ್ತ ಕೂತು ತಾಳ ಹಾಕಲಿ. ಒಂದು ಮಾತ್ರೆ ಹೆಚ್ಚಾದರೆ ಚಪ್ಪಾಳೆ ಎಡವುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಆ ಹುಡುಗಿ ಒಂದು ಗಳಿಗೆ ಸುಮ್ಮನಾಗುತ್ತಾಳೆ, ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಾಳೆ, ಒಂದು ಪದ ತೆಗೆದು ಇನ್ನೊಂದು ಹಾಕಿ ಮೊದಲಿಂದ ಎತ್ತಿಕೊಳ್ಳುತ್ತಾಳೆ.